ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ

ಓನರ್ ಅಕ್ಕನವರಿಗೆ, ನಿಮ್ಮ ಮಹಡಿ ಕೋಣೆಯ ಟೈಲರಮ್ಮ ಮಾಡುವ ನಮಸ್ಕಾರ.

ನಲ್ಲಿ ಸೋರುತ್ತದೆ ಎಂದಾಗ "ಅಡ್ಜಸ್ಟ್ ಮಾಡ್ಕೊಳ್ಳಿ" ಎಂದಿರಿ, ಸಹಿಸಿಕೊಂಡೆ. ಬಾಗಿಲು ಸರಿಯಾಗಿ ಕೂರುವುದಿಲ್ಲ ಎಂದಾಗಲೂ ಅದೇ ಮಾತು. ನಾನೇ ಬಡಗಿಯನ್ನು ಕರೆಸಿದೆ. ನನ್ನ ಕಸುಬಿನಲ್ಲಿ ಅಡ್ಜಸ್ಟ್ ಎಂದರೆ ಹೊಲಿಗೆ ಬಿಚ್ಚಿ ಸಡಿಲ ಮಾಡುವುದು. ಬಸ್ಸಿನಲ್ಲಾದರೆ ಸರಿದು ಜಾಗ ಕೊಡುವುದು.

ನಿನ್ನೆ ಮಧ್ಯಾಹ್ನ ಚಿಲಕ ಹಾಕಿಕೊಂಡು ಒಬ್ಬಳೇ ಮಂಚದ ಮೇಲೆ ಅಡ್ಡಾಗಿದ್ದೆ. ಬೆನ್ನ ಹಿಂದೆ ಯಾರೋ ಮೆಲ್ಲಗೆ, "ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಮ್ಮ" ಅಂದರು. ಬಸ್ಸಿನ ಅಭ್ಯಾಸ ನೋಡಿ, ಕಣ್ಣು ಬಿಡದೆಯೇ ಗೋಡೆಯತ್ತ ಸರಿದೆ. ಅಲ್ಲಿ ಆಗಲೇ ಇನ್ನೊಬ್ಬರು ಮಲಗಿದ್ದರು.

ದಯವಿಟ್ಟು ಅಗಲವಾದ ಮಂಚ ಕಳಿಸಿಕೊಡಿ. ಇದಕ್ಕೂ ಅಡ್ಜಸ್ಟ್ ಮಾಡ್ಕೊಳ್ಳಿ ಅನ್ನಬೇಡಿ ಅಕ್ಕ. ಅದನ್ನು ಹೇಳುವುದಕ್ಕೆ ಇಲ್ಲೇ ಇಬ್ಬರಿದ್ದಾರೆ.

ಇಂತಿ,
ಮಹಡಿ ಕೋಣೆಯವರು