ಅಂಟಿಲ್ಲದ ಗೋಡೆ

ಮಾರ್ಚ್ ೪

ಮಾಡೆಲ್‌ನ ಒಂಬತ್ತನೇ ಮಹಡಿಯ ತೊಲೆಗಳು ಮುಗಿದವು. ಕೆಳಗಿನ ಎಂಟೂ ಇವರು ತೀರಿಹೋಗುವ ಮೊದಲು ಮಾಡಿಟ್ಟದ್ದು. ಕೈ ಬದಲಾದದ್ದು ಗೊತ್ತಾಗಬಾರದು ಎಂದು ಉಜ್ಜಿದ್ದೇ ಉಜ್ಜಿದ್ದು.

ಮೈದುನ ಬಂದು ನೋಡಿದ. ಕಟ್ಟಡದ ಡಿಸೈನ್ ಅವನದು, ಮಾಡೆಲ್ ನಮ್ಮದು — ಮೊದಲಿನಿಂದಲೂ ಹಾಗೆಯೇ. ಚೆನ್ನಾಗಿದೆ ಎಂದ. ಅಣ್ಣನ ಕುರ್ಚಿಯಲ್ಲಿ ಕೂರಲಿಲ್ಲ.

ಮಾರ್ಚ್ ೫

ಹನ್ನೆರಡು ಮಹಡಿ. ಎಲ್ಲ ಬಾಡಿಗೆ ಮನೆ, ಎಲ್ಲ ಮರದ್ದೇ. ಸಿಮೆಂಟು ಸುಡುವ ಹೊಗೆ ಇಲ್ಲ, ಮರ ಕುಡಿದ ಇಂಗಾಲ ಗೋಡೆಯಲ್ಲೇ ಉಳಿಯುತ್ತದೆ — ಮೈದುನ ಹೇಳಿಕೊಟ್ಟದ್ದು. ಇವರಿಗೆ ಹಿಡಿಸಿದ್ದು ಬೇರೆ. ಬಾಡಿಗೆಯವರೂ ಮೊಳೆ ಹೊಡೆಯಬಹುದು ಕಣೇ, ಎಂದಿದ್ದರು. ಒಂದು ಮೊಳೆಗೆ ಓನರ್ ಕೈಲಿ ಎಷ್ಟು ಮಾತು ಕೇಳಿದ್ದೇವೆ... ನಮ್ಮ ಮದುವೆ ಫೋಟೋ ಇಂದಿಗೂ ಬೀರುವಿನ ಮೇಲೆ ಒರಗಿಕೊಂಡೇ ಇದೆ.

ಮಾರ್ಚ್ ೧೩

ಹನ್ನೆರಡೂ ಮಹಡಿ ಮುಗಿದವು. ಮೈದುನ ನಿಂತೇ ಮಾತಾಡಿದ.

"ಅತ್ತಿಗೆ, ಆ ಪಕ್ಕದ ಗೋಡೆಗೆ ಅಂಟು ಹಾಕಿಬಿಡಿ."

ಇವರ ಮಾಡೆಲ್‌ಗಳಲ್ಲಿ ಒಂದು ಗೋಡೆಗೆ ಅಂಟು ಇರುವುದಿಲ್ಲ. ಪಿನ್ನು ಮಾತ್ರ. ಬಂದವರು ಬಿಚ್ಚಿ ಒಳಗೆ ನೋಡಬೇಕು. ಅವನಿಗೆ ಗೊತ್ತಿಲ್ಲದ್ದೇ?

ಯಾಕೆ ಎಂದೆ. ಸುತ್ತಿ ಬಳಸಿ ಹೇಳಿದ. ಕಂಬ, ತೊಲೆ ಎಲ್ಲ ಈಗ ಕಾಂಕ್ರೀಟ್ ಅಂತೆ. ಮೇಲೆ ತೆಳುವಾದ ಮರದ ಹಾಳೆ ಅಂಟಿಸುತ್ತಾರಂತೆ. ಜಾಹೀರಾತು ಬದಲಾಗುವುದಿಲ್ಲ, ಮಾಡೆಲ್ಲೂ. ಆದರೆ ಬಿಚ್ಚಿ ಮರದ ಕಂಬ ತೋರಿಸಿದರೆ ನಾಳೆ ಅದೇ ಸಾಕ್ಷಿಯಾಗುತ್ತದಂತೆ. ಹೊಸ ನಕ್ಷೆಗೆ ಸಹಿ ಅವನದೇ.

"ನಿಮ್ಮಣ್ಣಂಗೆ ಗೊತ್ತಿತ್ತಾ?"

"ಆಸ್ಪತ್ರೇಲಿ ಮಲಗಿದ್ದೋರಿಗೆ ಹೇಗೆ ಹೇಳೋದು, ಅತ್ತಿಗೆ?"

ಅಂದರೆ ಆಗಲೇ... ಇವರು ಡ್ರಿಪ್ ಚುಚ್ಚಿದ ಕೈಯಲ್ಲಿ ಎಂಟನೇ ಮಹಡಿಯ ಕಂಬ ಉಜ್ಜುತ್ತಿದ್ದರು. ಇವನು ಪಕ್ಕದಲ್ಲಿ ಕೂತು ಹೊದಿಕೆಯ ಮೇಲಿನ ಮರದ ಪುಡಿ ಕೊಡವುತ್ತಿದ್ದ. ಆಸ್ಪತ್ರೇನ ಕಾರ್ಖಾನೆ ಮಾಡಿದ್ಯಲ್ಲೋ ಅಣ್ಣ, ಎಂದು ನಗಿಸುತ್ತಿದ್ದ.

ಮೊಳೆಯ ವಿಷಯ ಕೇಳಿದೆ. ಬಾಡಿಗೆಯವರಿಗೆ ಟೇಪ್ ಸಾಕು ಎಂದ.

ಮಾರ್ಚ್ ೧೬

ಅಂಟು ಹಾಕಿರಲಿಲ್ಲ. ಅಂಗಡಿಗೆ ಹೋಗಿ ಬರುವಷ್ಟರಲ್ಲಿ ಅವನೇ ಬಂದು ಹಾಕಿ ಹೋಗಿದ್ದಾನೆ. ಅವನ ಹತ್ತಿರ ಇರುವ ಬೀಗದ ಕೈ ಇವರೇ ಕೊಟ್ಟದ್ದು. ಅಂಚಿನಲ್ಲೆಲ್ಲ ಅಂಟು ಸೋರಿದೆ. ಒರೆಸುವಷ್ಟೂ ಪುರುಸೊತ್ತಿಲ್ಲ.

ಅಡುಗೆ ಮಾಡಲಿಲ್ಲ.

ಮಾರ್ಚ್ ೧೭, ಬೆಳಿಗ್ಗೆ

ಹತ್ತಕ್ಕೆ ವ್ಯಾನ್ ಬರುತ್ತದೆ. ಮನೆ ಬುಕ್ ಮಾಡಲು ಬರುವವರ ಮುಂದೆ ಇದನ್ನು ಇಡುತ್ತಾರೆ.

ಸಂದಿಯಲ್ಲಿ ಬ್ಲೇಡು ನಿಧಾನಕ್ಕೆ ಎಳೆದೆ. ಗೋಡೆ ಬಿಟ್ಟುಕೊಂಡಿತು. ಒಳಗೆ ಇವರ ಕಂಬಗಳು. ಇವರ ಪೆನ್ಸಿಲ್ ಗುರುತು ಕೂಡ ಹಾಗೇ ಇದೆ. ಎಷ್ಟು ಹೊತ್ತು ನೋಡಿದೆನೋ. ಪಿನ್ನು ಸಿಕ್ಕಿಸಿ ಕಳಿಸಿದರೆ ಸಾಕು ಅಂದುಕೊಂಡಿದ್ದೆ. ಸಾಲದು. ಬಂದವರು ಬಿಚ್ಚಿದರೆ ಮರವೇ ಕಾಣುತ್ತದೆ. ಆ ಸುಳ್ಳು ಇವರ ಕೈಯದಾಗುತ್ತದೆ.

ಕಾಂಕ್ರೀಟಿನ ಬೂದು ಬಣ್ಣದ ಡಬ್ಬಿ ತೆಗೆದೆ. ಬ್ರಷ್ಷು ಇವರದೇ. ಕೆಳಗಿನಿಂದ ಶುರು ಮಾಡುತ್ತೇನೆ. ಮೊದಲನೇ ಕಂಬ —