ಅಜ್ಜಿಯ ಕೋಣೆಯ ಬಲ್ಬು

ಶೀತಲ,

ನೇಸರಗಿಯ ಬೀಗರೆಲ್ಲ ಚಹಾ ಕುಡಿಯುತ್ತ ಕುಳಿತಿದ್ದಾಗ ಸೋಮಪ್ಪ ಕಾಕಾ ನನಗೆ, "ಏಳನೇ ಕ್ಲಾಸ ದಾಟಲಾರದಾಂವ, ನಿನಗೇನ ತಿಳಿತೈತಲೇ ಕರೆಂಟು? ಅದು ಕರೆಂಟಲ್ಲ, ನಮ್ಮವ್ವ ಬಂದಾಳ" ಅಂದ. ಎಲ್ಲರೂ ನಕ್ಕರು. ನೀನೂ ನಕ್ಕೆ. ಇರಲಿ.

ಅಜ್ಜಿಯ ಕೋಣೆಯ ಬಲ್ಬು ಸ್ವಿಚ್ ಆರಿಸಿದರೂ ಮಿಣಮಿಣ ಉರಿಯುತ್ತದೆ. ಅವಳು ತೀರಿಕೊಂಡ ಮೇಲೆ ಕಾಕಾ ಕರೆಸಿದ ಮಿಸ್ತ್ರಿ ಸ್ವಿಚ್ಚನ್ನು ತಪ್ಪು ತಂತಿಗೆ ಜೋಡಿಸಿದ್ದಾನೆ. ಟೆಸ್ಟರ್ ಹಿಡಿದು ನೋಡಿದೆ, ಗೋಡೆಯ ಹಿತ್ತಾಳೆ ಹೋಲ್ಡರಿಗೂ ಕರೆಂಟು ಹರಿಯುತ್ತಿದೆ. ಅವ್ವ ದಿನಾ ಸ್ನಾನ ಮಾಡಿ ಒದ್ದೆ ಕೈಯಲ್ಲಿ ಅದಕ್ಕೇ ವಿಭೂತಿ ಹಚ್ಚಿ ಚೆಂಡುಹೂವಿನ ಮಾಲೆ ಹಾಕುತ್ತಾಳೆ. ನಿನ್ನೆ ಕೈ ಝುಮ್ ಅಂದದ್ದಕ್ಕೆ "ಅತ್ತಿ ನನ್ನ ಕೈ ಹಿಡದ್ರು" ಅಂತ ಖುಷಿಯಿಂದ ಅತ್ತಳು.

ದೊಡವಾಡದಿಂದ ಬೇರೆ ಮಿಸ್ತ್ರಿಯನ್ನು ಕರೆದುಕೊಂಡು ಬರುತ್ತೇನೆ. ಅಲ್ಲಿಯವರೆಗೆ ಅವ್ವನನ್ನು ಆ ಕೋಣೆಗೆ ಬಿಡಬೇಡ. ಅತ್ತರೂ ಬಿಡಬೇಡ. ಮೇನ್ ಸ್ವಿಚ್ ಇಳಿಸಿದ್ದೇನೆ, ಯಾರು ಹೇಳಿದರೂ ಏರಿಸಬೇಡ. ಫ್ರಿಜ್ಜಿನಲ್ಲಿರುವ ಹಾಲು ಕಾಸಿಡು. ನೀನು ಊಟ ಮಾಡು, ನನಗಾಗಿ ಕಾಯಬೇಡ.

ಇಷ್ಟು ಬರೆಯುವಷ್ಟರಲ್ಲಿ ಕಾಕಾ ಆ ಕೋಣೆಯಿಂದ ಕೂಗಿದ: "ಮೇನ್ ತಗದೀಯಲ್ಲೊ ಶಾಣ್ಯಾ, ಮತ್ತ ಇದ್ಯಾಕ ಇನ್ನೂ ಉರಿಯಾಕ ಹತ್ತೈತಿ? ಹೇಳಲೇ!"

ಹೋಗಿ ನೋಡಿದೆ. ಉರಿಯುತ್ತಿದೆ. ಮನೆಯಲ್ಲಿ ಬೇರೆ ಎಲ್ಲೂ ಕರೆಂಟಿಲ್ಲ. ಈ ಬಲ್ಬಿಗೆ ಎಲ್ಲಿಂದ ಬರುತ್ತಿದೆಯೋ ನನಗೆ ತಿಳಿಯದು. ಈ ಚೀಟಿ ಓದಿದ ಕೂಡಲೇ ಆ ಕೋಣೆಗೆ ಕೀಲಿ ಹಾಕು. ಕಾಕಾ ಇನ್ನೂ ಕೇಳುತ್ತಲೇ ಇದ್ದಾನೆ. ನಾನು ದೊಡವಾಡಕ್ಕೆ ಹೊರಟಿದ್ದೇನೆ.