ಬಿಳಿ ದಾರದವರು

೫ ಜೂನ್ ೧೯೭೮, ಸೋಮವಾರ

ಮತ್ತೆ ಜಗಳ. ಕ್ಯಾಶುಯಾಲ್ಟಿಯಲ್ಲಿ ಬೆಂಚು ನಾಲ್ಕು, ಜನ ಮಾತ್ರ ಮಾಗಡಿ ರೋಡಿನ ಎರಡು ಬಸ್ಸು ಒಟ್ಟಿಗೆ ಇಳಿಸಿದಷ್ಟು. ಹೇರೋಹಳ್ಳಿಯ ವಾಂತಿ-ಭೇದಿ ಮಕ್ಕಳು, ಕಾಮಾಕ್ಷಿಪಾಳ್ಯದ ಲೇಥ್ ಕೆಲಸದವರ ಬೆರಳುಗಳು. ಡಾಕ್ಟರು ಒಬ್ಬರು, ನನ್ನನ್ನೂ ಸೇರಿಸಿ ಸಿಸ್ಟರುಗಳು ಇಬ್ಬರು. ಮೊದಲು ಬಂದ ಜ್ವರದವನಿಗೂ ಆಮೇಲೆ ಬಂದ ರಕ್ತದವನಿಗೂ ಕೊರಳಪಟ್ಟಿ ಹಿಡಿದುಕೊಳ್ಳುವವರೆಗೆ ಹೋಯಿತು. ಕಿಟಕಿಯ ಗಾಜು ಒಂದು ಹೋಯಿತು.

ಸೂಪರಿಂಟೆಂಡೆಂಟ್ ಗಂಗಾಧರಯ್ಯನವರು ಕರೆಸಿದರು. ಟ್ರಸ್ಟಿನವರಿಗೆ ಸಾಕಾಗಿದೆಯಂತೆ. ಮುಂದಿನ ತಿಂಗಳಿಂದ ಸಂಜೆ ನಾಲ್ಕಕ್ಕೆ ಕ್ಯಾಶುಯಾಲ್ಟಿ ಬಾಗಿಲು ಬಂದ್. ಆಮೇಲೆ ಬಂದವರು ಪೇಟೆಯ ದೊಡ್ಡಾಸ್ಪತ್ರೆಗೆ ಹೋಗಲಿ ಅಂದರು. ಹೇರೋಹಳ್ಳಿಯಿಂದ ಅಲ್ಲಿಗೆ ಎಷ್ಟು ದೂರ ಅಂತ ಅವರಿಗೂ ಗೊತ್ತು, ನನಗೂ ಗೊತ್ತು. ದಾರಿಯಲ್ಲೇ ಕೆಲವರು ಮುಗಿದುಹೋಗುತ್ತಾರೆ.

ಬೇಡಿಕೊಂಡರೆ ಕರಗುವ ಮನುಷ್ಯರಲ್ಲ. ಚೌಕಾಸಿಗೆ ಇಳಿದೆ. ಒಂದು ತಿಂಗಳು ಕೊಡಿ, ಜಗಳ ನಿಲ್ಲದಿದ್ದರೆ ನಾನೇ ಬಾಗಿಲು ಹಾಕುತ್ತೇನೆ ಅಂದೆ. ಕೊಟ್ಟರು. ಹೊರಗೆ ಬಂದ ಮೇಲೆ ಯೋಚನೆ ಶುರುವಾಯಿತು — ಮಾಡುವುದೇನು?

೭ ಜೂನ್, ಬುಧವಾರ

ತಿಪಟೂರಿನ ನಮ್ಮ ಅಂಗಡಿ ನೆನಪಾಯಿತು. ಸಂತೆಯ ದಿನ ಗಿರಾಕಿ ಮುತ್ತಿಕೊಂಡರೆ ಅಪ್ಪ ಎಲ್ಲರ ಕೈಗೂ ಚೂರು ಬೆಲ್ಲ ಇಡುತ್ತಿದ್ದರು. ಬೆಲ್ಲ ಬಾಯಲ್ಲಿದ್ದವನು ಜಾಗ ಬಿಟ್ಟು ಕದಲುತ್ತಿರಲಿಲ್ಲ. ಉಳಿದ ಮಾತು ನನ್ನದು — ಆಮೇಲೆ ಯಾರು, ಎಷ್ಟು ಹೊತ್ತು, ಮನೆಯಲ್ಲಿ ಹೇಗಿದ್ದಾರೆ. ಈ ಬಾಯಿಯ ಬಂಡವಾಳ ಕೂಡಿದ್ದು ಅಲ್ಲೇ. ಕಾಯುವುದಕ್ಕೆ ಜನ ಬೇಸರಪಡುವುದಿಲ್ಲ. ತಾನು ಬಂದದ್ದು ಯಾರಿಗೂ ಗೊತ್ತಾಗಲಿಲ್ಲ ಅನ್ನಿಸಿದರೆ ಕೈ ಎತ್ತುತ್ತಾರೆ.

ಇಲ್ಲಿ ಬೆಲ್ಲ ಕೊಡಲಾಗದು. ದಾರ ಕಟ್ಟಬಹುದು. ಬಾಗಿಲಲ್ಲೇ ಒಬ್ಬೊಬ್ಬರನ್ನೂ ನೋಡಿ ಕೈಗೆ ದಾರ. ಕೆಂಪು — ತಕ್ಷಣ ಒಳಗೆ. ಹಳದಿ — ಸ್ವಲ್ಪ ಹೊತ್ತಿಗೆ. ಬಿಳಿ — ಕೂರಬಹುದು. ಕಟ್ಟುವಾಗಲೇ ಯಾಕೆ ಕಾಯಬೇಕು ಅಂತ ಎರಡು ಮಾತು.

ನರ್ಸುಗಳ ರಿಫ್ರೆಶರ್ ಕೋರ್ಸಿನಲ್ಲಿ ಪಾಠ ಮಾಡಿದ ಮೇಡಂ ಪದೇ ಪದೇ ಹೇಳುತ್ತಿದ್ದರು — ಚೆನ್ನಾಗಿದೆ ಅನ್ನಿಸಿದ್ದನ್ನೆಲ್ಲ ನಂಬಬೇಡಿ, ಮಾಡಿಯೂ ನೋಡಿ, ಮಾಡದೆಯೂ ನೋಡಿ. ಆದ್ದರಿಂದ ಒಂದು ದಿನ ದಾರ ಉಂಟು, ಮರುದಿನ ಇಲ್ಲ. ಗೇಟಿನಲ್ಲಿ ಹಾಲಿನ ಪುಡಿಯ ಎರಡು ಡಬ್ಬಿ. ಹೋಗುವವರು ಹುಣಸೆಬೀಜ ಹಾಕಿ ಹೋಗಬೇಕು. ಸಮಾಧಾನವಾದವರು ನೀಲಿ ಡಬ್ಬಿಗೆ, ಆಗದವರು ಕೆಂಪಿಗೆ. ಕಾವಲಿಗೆ ಗೇಟಿನ ಮುನಿರಾಮಯ್ಯ.

ಆಯಾ ನೀಲಮ್ಮ ಬೀಜ ಆರಿಸುತ್ತಾ ಕೇಳಿದಳು. "ಇದು ಆಸ್ಪತ್ರೆನೋ ಅಳಗುಳಿಮನೆನೋ ಸಿಸ್ಟರ್?"

೯ ಜೂನ್, ಶುಕ್ರವಾರ

ಹಳದಿ ದಾರ ಮೊದಲ ದಿನವೇ ರದ್ದು. ಹೆಣ್ಣಿನ ಕೈಯಿಂದ ಹಳದಿ ದಾರ ಅಂದರೆ ತಾಳಿಯ ನೆನಪಾಗಿ ಗಂಡಸರೆಲ್ಲ ಕೈ ಹಿಂದಕ್ಕೆ. ಹೆಬ್ಬೆರಳು ಜಜ್ಜಿಕೊಂಡು ಬಂದಿದ್ದ ಲೇಥ್‌ನವನೊಬ್ಬ ಗಂಭೀರವಾಗಿ, "ನಮ್ಮನೇಲಿ ಆಗ್ಲೇ ಒಬ್ಳವ್ಳೆ ಸಿಸ್ಟರ್" ಅಂದ. ನಾಲ್ಕು ಬೆಂಚೂ ನಕ್ಕವು. ಕ್ಯಾಶುಯಾಲ್ಟಿಯಲ್ಲಿ ನಗು ಕೇಳಿದ್ದು ಇದೇ ಮೊದಲು.

ಕೆಂಪು, ಬಿಳಿ... ಎರಡೇ ಸಾಕು.

೨೦ ಜೂನ್, ಮಂಗಳವಾರ

ಲೆಕ್ಕ ನೋಡಿದೆ. ಕಾಯುವ ಹೊತ್ತು ಒಂದಿಷ್ಟೂ ಇಳಿದಿಲ್ಲ. ಡಾಕ್ಟರು ಒಬ್ಬರೇ, ಇಳಿಯುವುದು ಹೇಗೆ? ಆದರೆ ದಾರದ ದಿನ ನೀಲಿ ಡಬ್ಬಿ ಭಾರ, ದಾರ ಇಲ್ಲದ ದಿನ ಕೆಂಪು. ಹೊತ್ತು ಅದೇ, ಬೆಂಚು ಅದೇ.

ಮನೆಗೆ ಹೋದ ಮೇಲೂ ಯಾರೂ ದಾರ ಬಿಚ್ಚುತ್ತಿಲ್ಲ. ಇಂದು ಒಬ್ಬಳು ಏನೂ ಕಾಯಿಲೆ ಇಲ್ಲದ ಎರಡನೇ ಮಗುವನ್ನು ಕರೆತಂದು, ಇವನಿಗೂ ಒಂದು ಕಟ್ಟಿ ಅಂದಳು. ಅದು ಮಂತ್ರಿಸಿದ್ದಲ್ಲಮ್ಮ, ಟೈಲರ್ ಅಂಗಡಿಯದು ಅಂದೆ. "ಇರ್ಲಿ ಬಿಡಿ, ಕಟ್ಟೋ ಕೈ ನಿಮ್ದಲ್ವಾ" ಅಂದಳು. ಕಟ್ಟಿದೆ. ಹಿಗ್ಗಿದ್ದು ನಿಜ.

೨೮ ಜೂನ್, ಬುಧವಾರ

ದಾರ ಇಲ್ಲದ ದಿನಗಳನ್ನು ನಿಲ್ಲಿಸಿಬಿಟ್ಟೆ. ಮೇಡಂ ಇದ್ದಿದ್ದರೆ ಬೈಯುತ್ತಿದ್ದರು. ಆದರೆ ಗೆಲ್ಲುವ ಆಟ, ಯಾಕೆ ಬಿಡಲಿ? ವಾರದಿಂದ ಒಂದೂ ಜಗಳವಿಲ್ಲ. ಮುನಿರಾಮಯ್ಯ ಗೇಟಿನಲ್ಲಿ ತೂಕಡಿಸುತ್ತಾನೆ. ನಾಡಿದ್ದು ಗಂಗಾಧರಯ್ಯನವರು ಟ್ರಸ್ಟಿನ ಸಿದ್ದಬಸಪ್ಪನವರನ್ನು ಕರೆತಂದು ತೋರಿಸುತ್ತಾರಂತೆ. ನೆಲಕ್ಕೆ ಫಿನಾಯಿಲ್ ಹಾಕಿಸಬೇಕು.

೩೦ ಜೂನ್, ಶುಕ್ರವಾರ

ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಮೂರು ಗಂಟೆಗೆ ಬಂದರು. ಬೆಂಚು ತುಂಬಿತ್ತು, ಸದ್ದಿಲ್ಲ. ಸಿದ್ದಬಸಪ್ಪನವರು ದೇವಸ್ಥಾನಕ್ಕೆ ಬಂದವರ ಹಾಗೆ ಮೆಲ್ಲಗೆ ಮಾತಾಡಿದರು. ನಾನು ಮೆಲ್ಲಗೆ ಮಾತಾಡಲಿಲ್ಲ. ಅಪ್ಪನ ಅಂಗಡಿಯಲ್ಲಿ ಹೊಸ ಸರಕು ತೋರಿಸುವ ಹಾಗೆ ತೋರಿಸಿದೆ. ಬೆಂಚಿನ ತುದಿಯಲ್ಲಿ ಹೇರೋಹಳ್ಳಿಯ ಅಕ್ಕಯ್ಯಮ್ಮ ಕೂತಿದ್ದಳು. ಮಗ ಮುನಿಯಣ್ಣನ ಜೊತೆ ಹೊಟ್ಟೆನೋವು ಅಂತ ಬೆಳಿಗ್ಗೆಯೇ ಬಂದವಳು. ಬಿಳಿ ಕಟ್ಟಿದ್ದು ನಾನೇ. ಇವರನ್ನೇ ನೋಡಿ ಸಾರ್, ಆಗಿನಿಂದ ಕೂತಿದ್ದಾರೆ, ಒಂದು ಮಾತಿಲ್ಲ ಅಂದೆ. ಹೇಗಿದೆ ಅಜ್ಜಿ ಅಂತ ಕೇಳಿದೆ.

"ನೋಯ್ತಿತ್ತು ಕಣವ್ವ. ಆಮೇಲೆ ನಿಂತೇ ಹೋಯ್ತು. ನಿನ್ ದಾರ ಒಳ್ಳೇದು."

ದಾರ ತೋರಿಸಲೆಂದು ಅವಳ ಕೈ ಎತ್ತಿದೆ. ಕೈ ತಣ್ಣಗಿತ್ತು, ಒದ್ದೆ. ದಾರದ ಕೆಳಗೆ ನಾಡಿ ಓಡುತ್ತಿತ್ತು. ಹೊಟ್ಟೆ ಮುಟ್ಟಿದೆ — ಹಲಗೆಯಂತೆ ಗಟ್ಟಿ. ಔಷಧಿಯಿಲ್ಲದೆ ಹಾಗೆ ತಟ್ಟನೆ ನಿಲ್ಲುವ ನೋವು ವಾಸಿಯಾದ ನೋವಲ್ಲ. ಒಳಗೆ ಅಪೆಂಡಿಕ್ಸ್ ಒಡೆದಿತ್ತು.

ಬೆಂಚಿನವರು ಹೆದರಬಾರದು ಅಂತ ಮೆಲ್ಲಗೆ ಹೇಳಿದೆ. "ನೀಲಮ್ಮ, ಸ್ಟ್ರೆಚರ್." ಆಗಲೂ ಬೆಂಚಿನ ಶಾಂತಿಯ ಚಿಂತೆ ನನಗೆ.

ಆಪರೇಷನ್ ಥಿಯೇಟರಿಗೆ ಹೋದಳು. ಸರ್ಜನ್ ಹೊರಗೆ ಬಂದು, ಹೇಳಲಾಗದು, ನೋಡೋಣ ಅಂದರು. ಮುನಿಯಣ್ಣ ಗೋಡೆಗೆ ಒರಗಿ ನಿಂತಿದ್ದ. ಸಿಟ್ಟು ಮಾಡಲಿಲ್ಲ. "ಬಿಳಿ ಅಂದ್ರೆ ಏನಿಲ್ಲ ಅಂತ ಸುಮ್ಕೆ ಕುಂತ್ವಿ ಸಿಸ್ಟರ್" ಅಂದ, ಅಷ್ಟೆ.

ದಾರ ಇರದಿದ್ದರೆ ಮಧ್ಯಾಹ್ನಕ್ಕೇ ಬಾಗಿಲು ಬಡಿದು ರಂಪ ಮಾಡುತ್ತಿದ್ದ. ಇನ್ನೊಂದು ಗಾಜು ಹೋಗುತ್ತಿತ್ತು. ಅವನ ತಾಯಿ ಆಗಲೇ ಒಳಗಿರುತ್ತಿದ್ದಳು.

೧ ಜುಲೈ, ಶನಿವಾರ

ಜೀವ ಇದೆ. ಜ್ವರ ಇದೆ.

ಗಂಗಾಧರಯ್ಯನವರು ಕ್ಯಾಶುಯಾಲ್ಟಿಗೇ ಬಂದು ಕೂರಿಸಿ ಮಾತಾಡಿದರು. ದಾರ ನಿಲ್ಲಿಸಿ, ಬಾಗಿಲಿನ ವಿಷಯ ಸೋಮವಾರ ತೀರ್ಮಾನ ಮಾಡೋಣ ಅಂದರು. ತಪ್ಪು ನನ್ನದು ಅಂದೆ. ಈ ಬಾಯಿಗೆ ಅದು ಹೊಸತು. ಒಂದು ಸಲ ನೋಡಿ ಕಟ್ಟಿದೆ, ಮತ್ತೆ ನೋಡಲಿಲ್ಲ. ಜಗಳ ಎಣಿಸಿದೆ, ಬೀಜ ಎಣಿಸಿದೆ. ನಾಡಿ ಎಣಿಸಲಿಲ್ಲ. ಒಬ್ಬ ನರ್ಸ್ ಕೊಡಿ, ಗಂಟೆಗೊಮ್ಮೆ ಎಲ್ಲರ ದಾರ ಬಿಚ್ಚಿ, ಕೈ ಹಿಡಿದು ನೋಡಿ, ಮತ್ತೆ ಕಟ್ಟಲಿ. ನೋವು ಜಾಸ್ತಿಯಾದರೂ ಕೂಗಿ, ಇದ್ದಕ್ಕಿದ್ದಂತೆ ನಿಂತರೂ ಕೂಗಿ ಅಂತ ಪ್ರತಿಯೊಬ್ಬರಿಗೂ ಹೇಳಲಿ.

"ಅಂದ್ರೆ ಗಲಾಟೆ ಮಾಡಿ ಅಂತ ನೀವೇ ಹೇಳ್ಕೊಡ್ತೀರಾ?"

"ಹೌದು ಸಾರ್."

ಹಾಕಿಸದೆ ಉಳಿದಿದ್ದ ಕಿಟಕಿಯ ಗಾಜಿನ ಕಡೆ ನೋಡಿದರು.

೧೦ ಜುಲೈ, ಸೋಮವಾರ

ಅಕ್ಕಯ್ಯಮ್ಮ ಗಂಜಿ ಕುಡಿದಳು. ಹತ್ತು ದಿನದ ನಂತರ ಇವತ್ತು ನನಗೂ ಅನ್ನ ರುಚಿಸಿತು.

ಬಾಗಿಲು ತೆರೆದೇ ಇದೆ, ದಾರವೂ ಇದೆ. ದೀಪಾವಳಿವರೆಗೆ ಅಂತೆ, ಆಮೇಲೆ ನೋಡುತ್ತಾರಂತೆ. ಮೇಲಿನ ವಾರ್ಡಿನಿಂದ ಕಲ್ಯಾಣಮ್ಮನನ್ನು ಕೊಟ್ಟಿದ್ದಾರೆ. ಗಂಟೆಗೊಂದು ಸುತ್ತು, ಬೇರೆ ಕೆಲಸ ಇಲ್ಲ. ಗಲಾಟೆ ಸ್ವಲ್ಪ ವಾಪಸು ಬಂದಿದೆ. ಗಂಗಾಧರಯ್ಯನವರು ಒಮ್ಮೆ ಇಣುಕಿ ನೋಡಿ ಹೋದರು.

ಥಿಯೇಟರಿನಲ್ಲಿ ಕತ್ತರಿಸಿದ ದಾರವನ್ನು ಮತ್ತೆ ಕಟ್ಟು ಅಂತ ಅಕ್ಕಯ್ಯಮ್ಮನ ಹಟ. ತಾನು ಉಳಿದದ್ದು ಅದರಿಂದಲೇ ಅಂತೆ. ಅಲ್ಲ ಅಜ್ಜಿ, ನೀವು ಕೂಗಬೇಕಿತ್ತು ಅಂದೆ. "ನೀನು ಅಷ್ಟು ಚೆಂದಾಗಿ ಮಾತಾಡಿಸ್ದೆ. ಹೆಂಗವ್ವ ಕೂಗ್ಲಿ?" ಅಂದಳು.

ಮಗನ ಕೈಯಲ್ಲಿ ಹುಣಸೆಬೀಜ ಬೇರೆ ಕಳಿಸಿದ್ದಾಳೆ, ನೀಲಿ ಡಬ್ಬಿಗೆ. ಮುನಿರಾಮಯ್ಯ ಹೇಳಿದ. ಹೋಗಿ ಒಂದು ಬೀಜ ತೆಗೆದೆ. ಕೆಂಪಿಗೆ ಹಾಕಲು ಅದು ನನ್ನ ಬೀಜವಲ್ಲ. ಏಪ್ರನ್ ಜೇಬಿನಲ್ಲೇ ಇದೆ.

೧೫ ಜುಲೈ, ಶನಿವಾರ, ಮಧ್ಯಾಹ್ನ

ಡ್ಯೂಟಿ ಮೇಜಿನಲ್ಲೇ ಬರೆಯುತ್ತಿದ್ದೇನೆ. ಕಲ್ಯಾಣಮ್ಮ ಊಟಕ್ಕೆ ಹೋಗಿದ್ದಾಳೆ. ಬೆಂಚು ತುಂಬಿದೆ. ಕಾಲು ಉಳುಕಿದವನೊಬ್ಬ, ಇನ್ನೆಷ್ಟೊತ್ತು ಅಂತ ಮೂರನೇ ಸಲ ಕೂಗುತ್ತಿದ್ದಾನೆ. ಸುಮ್ಮನಿರಿಸಿ ಅಂತ ನೀಲಮ್ಮನ ಕಣ್ಣಸನ್ನೆ. ಕೂಗಲಿ. ದನಿ ಗಟ್ಟಿಯಾಗಿದೆ, ಉಸಿರು ಚೆನ್ನಾಗಿದೆ.

ಗೋಡೆಯ ಪಕ್ಕ ಇನ್ನೊಬ್ಬ, ಬಿಳಿ ದಾರದವನು. ಕಟ್ಟುವಾಗ ನನ್ನನ್ನೇ ತಮಾಷೆ ಮಾಡಿದ್ದ. ಈಗ ತಲೆ ಗೋಡೆಗೆ ಒರಗಿಸಿ ಕೂತಿದ್ದಾನೆ, ಬಹಳ ಸಮಾಧಾನವಾಗಿ. ನಿದ್ದೆ ಇರಬಹುದು. ಇರಲಿ, ಒಂದು ಸಲ ಕೈ ಹಿಡಿದು —